ಮೇಜಿನ ಮೇಲೆ ಎರಡು ಟೋಪಿ

ಇದನ್ನೊಂದು ಪೂರ್ತಿ ಕೇಳಿಬಿಡಿ, ನಡುವೆ ಎದ್ದು ಹೋಗಬೇಡಿ, ಕೇಳಿ ಮುಗಿಸಿದ ಮೇಲೆ ಬ್ರೋಡಿ ಕ್ಲಾಸನ್‌ಗೆ ಬಯ್ಯಬೇಕು ಅನ್ನಿಸಿದರೆ ಬಯ್ಯಿರಿ, ಊರಿಗೆ ಊರೇ ಬಯ್ಯಲು ತಯಾರಾಗಿ ಕೂತಿದೆ, ನಿಮ್ಮದೂ ಒಂದು ಸೇರಲಿ — ಹೊಸ ಟೋಪಿ, ಅಣ್ಣ ಹೊಸ ಟೋಪಿ ಹಾಕಿಕೊಂಡಿದ್ದಾನೆ, ಅದೂ ಹಸಿರು, ಅದೂ ಇವತ್ತೇ, ಶಾಲೆಯ ಜಿಮ್ಮಿನ ಹಿಂಬಾಗಿಲ ಹತ್ತಿರ ಊರುಗೋಲನ್ನು ಪಕ್ಕಕ್ಕಿಟ್ಟು ಗೋಡೆಗೆ ಒರಗಿ ನಿಂತಿದ್ದಾನೆ ವಾರೆನ್, ಟೋಪಿಯ ಅಂಚು ಇನ್ನೂ ಬಾಗಿಲ್ಲ, ಹಲಗೆಯ ಹಾಗೆ ಚಪ್ಪಟೆ, ಅದರ ಮೇಲಿನ ಅಂಗಡಿಯ ದುಂಡು ಚೀಟಿಯನ್ನೂ ಕಿತ್ತಿಲ್ಲ, ದೀಪದ ಬೆಳಕಿಗೆ ಫಳಫಳ ಅನ್ನುತ್ತಿದೆ, ಮೇಜಿನ ಹಿಂದೆ ಕೂತ ಬ್ರೋಡಿಗೆ ಇನ್ನೂರು ತಲೆ ದಾಟಿ ಅದೊಂದೇ ಕಾಣುತ್ತಿದೆ, ಇಷ್ಟು ವರ್ಷ ಆ ಹಳೆಯದು ಸಾಲಲಿಲ್ಲವಾ ಇವನಿಗೆ, ಅಡುಗೆಮನೆ ಬಾಗಿಲ ಪಕ್ಕದ ಮೊಳೆಗೆ ನೇತುಬೀಳುವ ಆ ಹಳೇ ಹಸಿರು ಟೋಪಿ, ಬಿಸಿಲಿಗೆ ಬಣ್ಣ ಬಿಟ್ಟು ಒಣಹುಲ್ಲಿನಂತಾಗಿದೆ, ಹಣೆಯ ಮೇಲ್ಗಡೆ ಬೆವರು ಒಣಗಿ ಒಣಗಿ ಒಂದು ಬಿಳಿ ಉಪ್ಪಿನ ಗೆರೆ, ಏರಿ ಇಳಿದು ಏರಿ ಇಳಿದು ಕಿವಿಯಿಂದ ಕಿವಿಯವರೆಗೆ, ಅಮ್ಮ ಎಷ್ಟು ಸಲ ತೊಳೆದರೂ ಹೋಗಲಿಲ್ಲ, ಈಗ ಅದರ ಮೇಲೊಂದು ಹೊಸದು, ತನ್ನನ್ನು ಕಸದ ಹಾಗೆ ಗುಡಿಸಿ ಹೊರಗೆ ಹಾಕಿದ ಕಾಲೇಜಿನ ಟೋಪಿಯನ್ನು ಈ ಮನುಷ್ಯ ಅಂಗಡಿಗೆ ಹೋಗಿ ಕೊಂಡು ತಂದಿದ್ದಾನೆ, ನಾಚಿಕೆ ಅನ್ನುವುದಿಲ್ಲವಾ, ಬ್ರೋಡಿಯ ಕಿವಿ ಬಿಸಿಯಾಗುತ್ತಿದೆ, ಮೇಜಿನ ಮೇಲೆ ಟವೆಲು ಮುಚ್ಚಿದ ಎರಡು ಉಬ್ಬು, ಎರಡು ಕಾಲೇಜಿನ ಟೋಪಿ, ಎಡಕ್ಕೆ ಹಸಿರು, ಬಲಕ್ಕೆ ಕಪ್ಪು, ಬ್ರೋಡಿ ಯಾವುದನ್ನು ತಲೆಗೆ ಹಾಕುತ್ತಾನೋ ಆ ಕಾಲೇಜಿಗೆ ಅಮೆರಿಕನ್ ಫುಟ್‌ಬಾಲ್ ಆಡಲು ಹೋಗುತ್ತಾನೆ ಅಂತ ಲೆಕ್ಕ, ಟವೆಲು ಮುಚ್ಚಿದ್ದು ಶಾಲೆಯ ಕೋಚ್ ಪ್ರಿಟ್ಚರ್ಡ್, ನಮ್ಮೂರಲ್ಲಿ ಇನ್ಯಾವ ನಾಟಕ ಇದೆಯಪ್ಪಾ, ಸ್ವಲ್ಪ ಕುತೂಹಲ ಇರಲಿ ಅಂದಿದ್ದರು, ಕುರ್ಚಿ ಹಾಕಿದ್ದು ವಾರೆನ್, ಮೇಜು ಎಳೆದದ್ದು ವಾರೆನ್, ಚೀಲದಿಂದ ಟೋಪಿ ತೆಗೆದು ಜೋಡಿಸಿದ್ದೂ ಅವನೇ, ಶಾಲೆಯ ಮೈದಾನಕ್ಕೆ ಬಿಳಿ ಗೆರೆ ಎಳೆಯುವವನು, ಬಸ್ಸು ಓಡಿಸುವವನು, ಬೀಗದ ಕೈ ಇಟ್ಟುಕೊಂಡವನು, ಇಪ್ಪತ್ತಾರಕ್ಕೇ ಬಸ್ಸಿನ ಮೆಟ್ಟಿಲನ್ನು ಒಂದೊಂದಾಗಿ, ಯಾವಾಗಲೂ ಎಡಗಾಲು ಮೊದಲಿಟ್ಟು ಹತ್ತುವವನು.

ಈ ವಾರೆನ್ ಓಡುತ್ತಿದ್ದ ಅಂದರೆ ಈಗ ಯಾರು ನಂಬುತ್ತಾರೆ, ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು, ಹೆಲ್ಮೆಟ್ಟುಗಳ ನಡುವಿನ ಒಂದು ಗೇಣು ಸಂದಿಯಲ್ಲಿ ನುಗ್ಗಿ ಎಡಕ್ಕೆ ತಿರುಗಿದನೆಂದರೆ ಹಿಡಿಯುವವರು ಗಾಳಿ ಹಿಡಿಯುತ್ತಿದ್ದರು, ಬ್ರೋಡಿ ಹಾಗಲ್ಲ, ಬ್ರೋಡಿ ಆಟದುದ್ದಕ್ಕೂ ಚೆಂಡೇ ಮುಟ್ಟದವನು, ಎದುರಿಗೆ ಬಂದವನಿಗೆ ಗೋಡೆಯಾಗಿ ನಿಲ್ಲುವುದೇ ಅವನ ಕೆಲಸ, ಮುನ್ನೂರು ಪೌಂಡಿನ ಗೋಡೆ, ನೀನು ಗೋಡೆ ಕಣೋ ದಡಿಯಾ, ಗೋಡೆಗೆ ಯಾರೂ ಚಪ್ಪಾಳೆ ಹೊಡೆಯಲ್ಲ, ಆದ್ರೆ ಗೋಡೆ ಇಲ್ದೆ ಮನೆ ನಿಲ್ಲಲ್ಲ, ಇದನ್ನು ಹೇಳಿಕೊಟ್ಟವನು ವಾರೆನ್, ಹಿತ್ತಲಲ್ಲಿ ಹಳೇ ಹಾಸಿಗೆಯನ್ನು ಟ್ರಾಕ್ಟರಿನ ಟೈರಿಗೆ ಕಟ್ಟಿ, ನೂಕು, ಇನ್ನೂ ತಗ್ಗು, ಸೊಂಟದಿಂದ ನೂಕು — ಎಂಟು ವರ್ಷದ ಹಿಂದೆ ಇದೇ ಜಿಮ್ಮು, ಇದೇ ಮೇಜು, ಆಗ ಮೇಜಿನ ಮೇಲೆ ಒಂದೇ ಟೋಪಿ, ಯಾಕೆಂದರೆ ಈ ರಾಜ್ಯದ ಹುಡುಗ ರಾಜ್ಯದ ಕಾಲೇಜಿಗಲ್ಲದೆ ಇನ್ನೆಲ್ಲಿಗೆ ಹೋಗುತ್ತಾನೆ, ಒಂಬತ್ತು ವರ್ಷದ ಬ್ರೋಡಿ ಅಣ್ಣನ ತೊಡೆಯ ಮೇಲೆ, ವಾರೆನ್ ಆ ಹಸಿರನ್ನು ತಲೆಗೆ ಹಾಕಿ ಮರುಗಳಿಗೆ ತೆಗೆದು ತಮ್ಮನ ತಲೆಗೆ ಹಾಕಿದ್ದ, ಮೂಗಿನವರೆಗೆ ಇಳಿದಿತ್ತು, ಕತ್ತಲೆ, ಹೊಸ ಬಟ್ಟೆಯ ವಾಸನೆ, ಹೊರಗೆ ಊರು ಕೂಗುವ ಸದ್ದು, ಪೆಟ್ರೋಲ್ ಬಂಕಿನ ಬೋರ್ಡಿನಲ್ಲಿ ಇದು ವಾರೆನ್ ಕ್ಲಾಸನ್‌ನ ಊರು ಅಂತ ಬರೆದರು, ಮೊದಲನೇ ವರ್ಷದ ಎರಡನೇ ಪಂದ್ಯದಲ್ಲಿ ಮೊಣಕಾಲು ಹೋಯಿತು, ಕೊಯ್ದರು, ಮತ್ತೆ ಕೊಯ್ದರು, ವಸಂತದಲ್ಲಿ ಕಾಲೇಜಿನ ಕೋಚ್ ಡಿಲೇನಿ ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿ, ಮಗಾ, ನೀನು ಮನೆಯವರ ಹತ್ತಿರ ಇದ್ರೇನೇ ನಿನಗೆ ಒಳ್ಳೇದು ಅಂದರು, ಮುಗಿಯಿತು, ಆಡಲಾಗದವನಿಗೆ ಮುಂದಿನ ವರ್ಷದ ಬಿಟ್ಟಿ ಓದಿಲ್ಲ, ಕೋಣೆಯಿಲ್ಲ, ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ ಸಾಮಾನು ತುಂಬಿಕೊಂಡು ಮೂರು ಗಂಟೆ ಕಾರು ಓಡಿಸಿಕೊಂಡು ಬಂದ, ತಲೆಯ ಮೇಲೆ ಅದೇ ಟೋಪಿ, ಬಂಕಿನ ಬೋರ್ಡಿನಲ್ಲಿ ಅಷ್ಟು ಹೊತ್ತಿಗೆ ಶನಿವಾರ ಚರ್ಚಿನಲ್ಲಿ ಪ್ಯಾನ್‌ಕೇಕ್ ಊಟ ಅಂತ ಬಂದಿತ್ತು.

ಅದನ್ನಾದರೂ ನುಂಗಬಹುದು, ಬೋರ್ಡು ಅಂದರೆ ಬೋರ್ಡು, ಅಕ್ಷರ ಬದಲಾಗುತ್ತೆ, ಆದರೆ ಈ ಅಕ್ಟೋಬರು, ಅದೇ ಡಿಲೇನಿ, ಬ್ರೋಡಿಯನ್ನು ತಂಡಕ್ಕೆ ಕೇಳಲು ಬಂದು, ಕೂದಲು ಇನ್ನಷ್ಟು ಬೆಳ್ಳಗಾಗಿ, ಹಲ್ಲು ಇನ್ನಷ್ಟು ಬೆಳ್ಳಗಾಗಿ, ಕ್ಲಾಸನ್‌ರ ಅಡುಗೆಮನೆಯಲ್ಲಿ ಕೂತು ಅಮ್ಮ ಮಾಡಿದ ಎಲೆಕೋಸು ಮಾಂಸ ತುಂಬಿದ ಬನ್ನು ನಾಲ್ಕು ತಿಂದು, ಲೊರೆಟ್ಟಾ ಅವರೇ, ನಿಮ್ಮ ಕೈರುಚಿಗೇ ನಾನು ಈ ಹುಡುಗನ್ನ ಬಿಡಲ್ಲ, ಬ್ರೋಡಿ ಮನೆ ಬಿಟ್ಟು ದೂರ ಹೋಗೋ ಹುಡುಗ ಅಲ್ಲ, ನಾವೆಲ್ಲ ಒಂದೇ ಮನೆಯೋರು, ಅನ್ನುತ್ತಿರುವಾಗ ವಾರೆನ್ ಕೆಲಸ ಮುಗಿಸಿ ಒಳಗೆ ಬಂದ, ಬಂದವನೇ ಟೋಪಿ ತೆಗೆದು ಎದೆಗೆ ಹಿಡಿದು ನಿಂತ, ಸ್ಕೂಲು ಹುಡುಗನ ಹಾಗೆ, ಡಿಲೇನಿ ಎದ್ದು ಕೈ ಕುಲುಕಿ, ಓ, ದೊಡ್ಡ ಮಗನಾ, ನೀನೂ ಆಡ್ತಿದ್ದೆಯೇನಪ್ಪಾ, ಅಂದರು. ನೀನೂ ಆಡ್ತಿದ್ದೆಯಾ. ವಾರೆನ್‌ನ ಹೆಬ್ಬೆರಳು ಆ ಉಪ್ಪಿನ ಗೆರೆಯ ಮೇಲೆ ಒಂದು ಸಲ ಆಡಿತು, ಸ್ವಲ್ಪ ಆಡ್ತಿದ್ದೆ ಸರ್, ಅಂದ, ನಕ್ಕ, ಡಿಲೇನಿ ಹೊರಟ ಮೇಲೆ ವಾರೆನ್ ತಟ್ಟೆ ತೊಳೆಯುತ್ತ, ಬಿಡೋ ದಡಿಯಾ, ವರ್ಷಕ್ಕೆ ನೂರು ಹುಡುಗರು ಅವರ ಕೈಕೆಳಗೆ ಬರ್ತಾರೆ, ಮುಖ ಹೇಗೆ ನೆನಪಿರುತ್ತೆ, ಒಳ್ಳೇ ತಂಡ ಅದು, ಆ ಹಸಿರು ಹಾಕ್ಕೊಂಡು ಸುರಂಗದಿಂದ ಮೈದಾನಕ್ಕೆ ಬರೋದಿದೆಯಲ್ಲ, ಎಪ್ಪತ್ತು ಸಾವಿರ ಜನ, ಕಿವಿ ಕೇಳಿಸೋದೇ ನಿಂತೋಗುತ್ತೆ, ಅಂದ, ಬ್ರೋಡಿಗೆ ಅಣ್ಣನ ಕೈಯಿಂದ ತಟ್ಟೆ ಕಿತ್ತು ಗೋಡೆಗೆ ಎಸೆಯಬೇಕು ಅನ್ನಿಸಿತ್ತು, ಒಂದು ಸಲ ಬಯ್ಯೋ, ಒಂದೇ ಒಂದು ಸಲ ಆ ಮುದುಕನಿಗೆ ಕೆಟ್ಟ ಮಾತಲ್ಲಿ ಬಯ್ಯೋ ನನ್ನೆದುರಿಗೆ, ನೀನು ಬಯ್ಯಲ್ಲ, ಅದಕ್ಕೇ ನಾನು ಬಯ್ಯಬೇಕಾಗಿದೆ, ದಕ್ಷಿಣದ ಕಾಲೇಜಿನ ಆ ಕಪ್ಪು ಟೋಪಿಯವರು, ಹದಿನಾಲ್ಕು ಗಂಟೆಯ ದಾರಿ, ಕಪಾಟು ತುಂಬ ಟ್ರೋಫಿ, ಅವರ ಕಡೆಯವನು ಮೊದಲ ದಿನವೇ, ನಿಮ್ಮಣ್ಣ ಎಡಕ್ಕೆ ತಿರುಗೋದಿತ್ತಲ್ಲ, ಅದರ ವಿಡಿಯೋ ಇವತ್ತಿಗೂ ನಮ್ಮ ಹುಡುಗರಿಗೆ ತೋರಿಸ್ತೀನಿ ಅಂದ, ಸುಳ್ಳಿರಬಹುದು, ಮಾತಾಡುವುದೇ ಅವನ ಕೆಲಸ, ಆದರೂ ಸುಳ್ಳು ಹೇಳುವಷ್ಟಾದರೂ ಕಷ್ಟಪಟ್ಟನಲ್ಲ.

ದಕ್ಷಿಣದವರ ಒಪ್ಪಂದಕ್ಕೆ ಸಹಿ ಆಗಿಹೋಗಿದೆ, ಅದು ಇವರಿಗೆ ಯಾರಿಗೂ ಗೊತ್ತಿಲ್ಲ, ಬೆಳಿಗ್ಗೆ ಏಳಕ್ಕೇ ಅಡುಗೆಮನೆಯಲ್ಲಿ, ಬೆಣ್ಣೆ ತಟ್ಟೆ ಪಕ್ಕಕ್ಕೆ ಸರಿಸಿ, ಮೊದಲು ಬ್ರೋಡಿ ಕೆಳಗೆ ಅಮ್ಮ, ಕಾಗದ ದಕ್ಷಿಣಕ್ಕೆ ಹೋಗಿಯೂ ಆಯಿತು, ಮಧ್ಯಾಹ್ನದ ಈ ಮೇಜು ಟೋಪಿ ಟವೆಲು ಎಲ್ಲ ಬರೀ ತೋರಿಕೆ, ಎಲ್ಲ ಊರಲ್ಲೂ ಹೀಗೇ, ಮೊಹರು ಬಿದ್ದ ಮೇಲೆ ಮೆರವಣಿಗೆ, ವಾರೆನ್ ಐದಕ್ಕೇ ಬಸ್ಸು ಬಿಸಿ ಮಾಡಲು ಹೋಗಿದ್ದ, ಅಮ್ಮ ಪೆನ್ನಿಗೆ ಮುಚ್ಚಳ ಹಾಕುತ್ತ, ಅಣ್ಣನಿಗೆ ನೀನೇ ಹೇಳಬೇಕು, ಅದನ್ನ ನಾನು ಮಾಡಲ್ಲ, ಗೊತ್ತಾಯ್ತಾ, ಅಂದಳು, ಹ್ಞೂಂ ಅಮ್ಮ, ಅಂದ ಬ್ರೋಡಿ, ಹೇಳಲಿಲ್ಲ, ಹತ್ತು ಗಂಟೆಗೆ ಟೋಪಿಗಳ ಚೀಲ ಕೊಡುವಾಗ ವಾರೆನ್ ಎದುರಿಗೇ ಇದ್ದ, ಕೈಗೆ ಸುಣ್ಣದ ಬಣ್ಣ ಮೆತ್ತಿಕೊಂಡು, ಹೇಳಬಹುದಿತ್ತು, ಹೋದ ವಾರ ತಾನೇ ಅವನು, ನೀನು ಎಲ್ಲಿಗಾದ್ರೂ ಹೋಗು ದಡಿಯಾ, ನನ್ನ ಕೇಳಬೇಡ, ಆದ್ರೆ ಯಾವುದು ಅಂತ ಮೊದಲು ನನಗೆ ಹೇಳು, ಜಿಮ್ಮಲ್ಲಿ ಎಲ್ಲರ ಜೊತೆ ಗೊತ್ತಾಗೋದು ಬೇಡ, ಅಷ್ಟೇ, ಅಂದಿದ್ದ, ಎಂಟು ವರ್ಷದಲ್ಲಿ ಅವನು ಕೇಳಿದ್ದು ಅದೊಂದೇ, ಬ್ರೋಡಿ ಚೀಲ ಕೊಟ್ಟ, ಚಳಿ ಜಾಸ್ತಿ ಇದೆ ಅಲ್ಲಾ ಅಂದ, ಹೇಡಿ, ಗೋಡೆಯಂತೆ ಗೋಡೆ, ಅಷ್ಟು ಹೊತ್ತೂ ತಲೆಯಲ್ಲಿ ಓಡುತ್ತಿದ್ದದ್ದು ಮೇಜಿನ ಕೆಳಗಿನ ಕಸದ ಬುಟ್ಟಿ, ಗೆಳೆಯ ಚುಯ್ ಅದನ್ನು ಆಗಲೇ ಕಾಲಿಂದ ಒಳಗೆ ತಳ್ಳಿಟ್ಟಿದ್ದ, ಮಗಾ, ನಿಜವಾಗ್ಲೂ ಮಾಡ್ತೀಯಾ, ಮಾಡಿದ್ರೆ ಕ್ಷೌರದಂಗಡಿ ಮುದುಕನಿಗೆ ಅಲ್ಲೇ ಹಾರ್ಟು ನಿಲ್ಲುತ್ತೆ, ನಿಲ್ಲಲಿ, ಮಾಡ್ತೀನಿ, ಮೊದಲು ಹಸಿರಿಗೆ ಕೈ ಹಾಕಬೇಕು, ಎಲ್ಲ ಹುಡುಗರೂ ಆಡುವ ಆಟವೇ ಅದು, ಒಂದಕ್ಕೆ ಕೈ ಚಾಚಿ ಇನ್ನೊಂದನ್ನು ಎತ್ತುವುದು, ಜನ ಓ ಅನ್ನಬೇಕು, ಬ್ರೋಡಿ ಬರೀ ಕೈ ಚಾಚುವುದಲ್ಲ, ಹಸಿರನ್ನು ಎತ್ತಬೇಕು, ಎತ್ತಿ ಹಿಡಿಯಬೇಕು, ಊರು ಕುಣಿಯಬೇಕು, ಡಿಲೇನಿ ಎಲ್ಲೋ ಕೂತು ಟಿವಿಯಲ್ಲಿ ಆ ಬೆಳ್ಳನೆಯ ಹಲ್ಲು ಬಿಡಬೇಕು, ಆಮೇಲೆ ಅದನ್ನು ಕ್ಯಾಮರಾ ಎದುರಿಗೇ ಬುಟ್ಟಿಗೆ ಬೀಳಿಸಿ ಕೈ ಒರೆಸಿಕೊಂಡು ಕಪ್ಪನ್ನು ಹಾಕಬೇಕು, ಇದು ವಾರೆನ್‌ಗೋಸ್ಕರ, ಅಂತ ಮೈಕಿನಲ್ಲಿ ಹೇಳಬೇಕು.

ಪ್ರಿನ್ಸಿಪಾಲರ ಭಾಷಣ ಮುಗಿಯುತ್ತಿದೆ, ನಮ್ಮ ಊರು, ನಮ್ಮ ಮಣ್ಣು, ಕ್ಷೌರದಂಗಡಿಯ ಓಸ್ಟ್‌ಲುಂಡ್ ಮೊದಲ ಸಾಲಿನಿಂದ, ಏಯ್ ಮರಿ ಆನೆ, ಹಸಿರು ಬಿಟ್ಟು ಬೇರೆ ಮುಟ್ಟಿದ್ರೆ ಇನ್ಮೇಲೆ ನಿನ್ನ ತಲೆ ನೀನೇ ಬೋಳಿಸ್ಕೋ, ಜನ ನಗುತ್ತಾರೆ, ನಗಿ, ಈ ಮನುಷ್ಯ ಎಂಟು ವರ್ಷದಿಂದ ವಾರೆನ್‌ನ ಕೂದಲು ಕತ್ತರಿಸುತ್ತ ಹವೆಯ ಸುದ್ದಿ ಬಿಟ್ಟು ಬೇರೆ ಮಾತಾಡಿಲ್ಲ, ಅಮ್ಮ ಪಕ್ಕದ ಕುರ್ಚಿಯಲ್ಲಿ ಕಿವಿಯ ಹತ್ತಿರ ಬಗ್ಗಿ, ಹೇಳಿದೆಯಾ ಅವನಿಗೆ, ಹ್ಞೂಂ, ಸುಳ್ಳು, ಇದು ಇವತ್ತಿನ ಎರಡನೇ ಹ್ಞೂಂ, ಕೋಚ್ ಪ್ರಿಟ್ಚರ್ಡ್ ಟವೆಲಿನ ತುದಿ ಹಿಡಿದು, ರೆಡಿನಾ ಮಗನೇ, ಸರ್ರನೆ ಎಳೆಯುತ್ತಾರೆ, ಬ್ರೋಡಿ ಮೇಜು ನೋಡುವುದಿಲ್ಲ, ಹಿಂಬಾಗಿಲು ನೋಡುತ್ತಾನೆ, ಆ ಹೊಸ ಟೋಪಿಯ ಚಪ್ಪಟೆ ಅಂಚನ್ನು, ಫಳಫಳ ಚೀಟಿಯನ್ನು, ನೋಡು ವಾರೆನ್, ಈಗ ನೋಡು, ಅವರ ಬಣ್ಣಕ್ಕೆ ಏನು ಮಾಡ್ತೀನಿ ನೋಡು, ಎಡಗೈ ಚಾಚುತ್ತಾನೆ, ಬೆರಳಿಗೆ ಬಟ್ಟೆ ತಗುಲುತ್ತದೆ, ಎತ್ತುತ್ತಾನೆ, ಇನ್ನೂರು ಜನ ಒಟ್ಟಿಗೆ ಏಳುತ್ತಾರೆ, ಅವರು ಕೂತಿದ್ದ ಮರದ ಮೆಟ್ಟಿಲುಗಳು ಗುಡುಗುತ್ತವೆ, ಆದರೆ ಬೆರಳು ಏನೋ ಬೇರೆ ಹೇಳುತ್ತಿದೆ, ಮೆತ್ತಗಿದೆ, ಬಿರುಸಾಗಿರಬೇಕಿತ್ತು, ಹೋದ ಭಾನುವಾರ ತಾನೇ ಆರಿಸಿ ತಂದದ್ದು, ಬುಟ್ಟಿಗೆ ಹಾಕಲಿಕ್ಕೆ ಅಂತಲೇ, ಅಂಚು ಹಲಗೆಯ ಹಾಗಿತ್ತು, ದುಂಡು ಚೀಟಿ ಇತ್ತು, ಚೀಟಿ — ಕೈಯಲ್ಲಿರುವ ಅಂಚು ಬಾಗಿದೆ, ಒಬ್ಬನೇ ಮನುಷ್ಯನ ಎರಡು ಹೆಬ್ಬೆರಳು ಎಂಟು ವರ್ಷ ಬಾಗಿಸಿದ ಹಾಗೆ, ತುದಿಯಲ್ಲಿ ನೂಲು ಬಿಟ್ಟಿದೆ, ಸುಣ್ಣದ ಬಣ್ಣದ ವಾಸನೆ, ಡೀಸೆಲಿನ ವಾಸನೆ, ಕೆಳಗೆ ನೋಡುತ್ತಾನೆ, ಒಳಗಡೆ ಅಮ್ಮನ ಕೈಬರಹ, ಬಟ್ಟೆಗೆ ಗುರುತು ಹಾಕುವ ಮಸಿಯಲ್ಲಿ, ವಾ. ಕ್ಲಾಸನ್, ಹೊರಗಡೆ ಬಿಳಿ ಗೆರೆ.

ಚೀಲ ಬಿಚ್ಚಿದವನು ವಾರೆನ್ ತಾನೇ, ಬೆಳಿಗ್ಗೆ ಇದೇ ಮೇಜಿನ ಎದುರು ನಿಂತು ಆ ಬಿರುಸು ಟೋಪಿಯನ್ನು ತಿರುಗಿಸಿ ನೋಡಿರಬೇಕು, ದಡಿಯನ ತಲೆಗೆ ಇದು ಚೆನ್ನಾಗಿ ಕೂರಲ್ಲ ಅಂದುಕೊಂಡಿರಬೇಕು, ತನ್ನದನ್ನು ತೆಗೆದು ಇಲ್ಲಿಟ್ಟು, ತಮ್ಮ ತಂದದ್ದನ್ನು ತನ್ನ ತಲೆಗೆ ಹಾಕಿಕೊಂಡು, ಮೊದಲು ನನಗೆ ಹೇಳು ಅಂದಿದ್ದೆನಲ್ಲ, ಹೇಳಲಿಲ್ಲ ಅಂದರೆ ಹಸಿರೇ ಇರಬೇಕು, ಬೇರೆಯದಾಗಿದ್ದರೆ ಹೇಳುತ್ತಿದ್ದ, ನನ್ನ ತಮ್ಮ ಹೇಳುತ್ತಿದ್ದ, ಅಂದುಕೊಂಡಿರಬೇಕು — ವಾರೆನ್ ಗೋಡೆ ಬಿಟ್ಟು ಮುಂದೆ ಬಂದಿದ್ದಾನೆ, ಕೋಲು ಗೋಡೆಗೇ ಒರಗಿ ನಿಂತಿದೆ, ಎರಡೂ ಕಾಲಿನ ಮೇಲೆ ಭಾರ ಬಿಟ್ಟು ನಿಂತಿದ್ದಾನೆ, ಚೀಟಿ ಹಚ್ಚಿದ ಟೋಪಿಯನ್ನು ತೆಗೆದು ತಲೆಯ ಮೇಲೆ ಎತ್ತಿ ಹಿಡಿದಿದ್ದಾನೆ, ಬಾಯಿ ಏನೋ ಅನ್ನುತ್ತಿದೆ, ಗದ್ದಲದಲ್ಲಿ ಕೇಳಿಸುವುದಿಲ್ಲ, ದಡಿಯಾ ಅಂತಲೇ ಇರಬೇಕು, ಓಸ್ಟ್‌ಲುಂಡ್ ಅಳುತ್ತಿದ್ದಾನೆ, ಅಮ್ಮ ಬ್ರೋಡಿಯ ತೋಳು ಹಿಡಿದಿದ್ದಾಳೆ, ಉಗುರು ನಾಟುವಷ್ಟು ಗಟ್ಟಿಯಾಗಿ, ಕಾಗದ ದಕ್ಷಿಣದಲ್ಲಿದೆ, ಬಲಕ್ಕೆ ಕಪ್ಪು ಟೋಪಿ ಕಾಯುತ್ತಿದೆ, ಕಾಲ ಹತ್ತಿರ ಬುಟ್ಟಿ, ಮೈಕು ಬಾಯಿಗೆ ಬಂದಿದೆ, ಹೇಳಪ್ಪಾ, ಹಾಕ್ಕೋ ಹಾಕ್ಕೋ, ಹಾಕಿಕೊಂಡರೆ ಸುಳ್ಳು, ಕೆಳಗಿಟ್ಟರೆ ಅವನೆದುರಿಗೇ ಇಡಬೇಕು, ಅವನು ಕೈ ಎತ್ತಿಕೊಂಡು ನಿಂತಿರುವಾಗ, ಸಿಟ್ಟು ಎಲ್ಲಿ, ಇಲ್ಲೇ ಇತ್ತಲ್ಲ, ಎರಡು ತಿಂಗಳಿಂದ ಒಡಲಲ್ಲಿ ಇಟ್ಟುಕೊಂಡು ಬಂದದ್ದು, ಯಾರ ಮೇಲಿತ್ತು ಅದು, ಹೆಬ್ಬೆರಳು ತಾನಾಗಿಯೇ ಆಡುತ್ತಿದೆ, ಏರಿ ಇಳಿದು, ಏರಿ ಇಳಿದು, ಕಿವಿಯಿಂದ ಕಿವಿಯವರೆಗೆ, ಉಪ್ಪಿನ ಗೆರೆ, ಬಿಳಿ, ಒರಟು, ಉಪ್ಪಿನ ಗೆರೆ —

ಇಷ್ಟು ಕೇಳಿದಿರಲ್ಲ, ಈಗ ಹೇಳಿ, ಆ ಟೋಪಿ ನಿಮ್ಮ ಕೈಯಲ್ಲಿದ್ದಿದ್ದರೆ ನೀವು ಏನು ಮಾಡುತ್ತಿದ್ದಿರಿ?