ಅಕ್ಕ ಮೂಸಿದ ಗಾಳಿ

ಗಾಳಿಗೂ ಒಬ್ಬಳು ಒಡತಿ ಇದ್ದಾಳೆಯೇ ಎಂದು ಕೇಳಿದರೆ ದೋಣಿಗಳು ಬಂದು ನಿಲ್ಲುವ ಆ ಧಕ್ಕೆಯ ಜನ ಹಿಂದುಮುಂದು ನೋಡದೆ ಡೈವಿಂಗ್ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನತ್ತ ಕೈ ತೋರಿಸುತ್ತಿದ್ದರು. ಅಲ್ಲಿ ಕಂಪ್ರೆಸರ್ ಮುಂದೆ ಕೂತು, ಸಮುದ್ರಕ್ಕೆ ಇಳಿಯುವವರ ಸಿಲಿಂಡರುಗಳಿಗೆ ಗಾಳಿ ತುಂಬುವುದು ಅವಳ ಕೆಲಸ. ಹದಿನೇಳು ವರ್ಷದಿಂದ ಅದೇ ಕೆಲಸ. ಅವಳ ನಿಜವಾದ ಹೆಸರು ಸಂಬಳದ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಿಕ್ಕವರಿಗೆಲ್ಲ ಅವಳು ಮೂಗಿನಕ್ಕ.

ಆ ಹೆಸರು ಸುಮ್ಮನೆ ಬಂದದ್ದಲ್ಲ. ತುಂಬಿದ ಪ್ರತಿ ಸಿಲಿಂಡರಿನ ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿ, ಬುಸ್ಸೆಂದು ಬರುವ ಗಾಳಿಗೆ ಮೂಗು ಒಡ್ಡಿ, ಕಣ್ಣು ಮುಚ್ಚಿ ಮೂಸುತ್ತಿದ್ದಳು. ಎಣ್ಣೆಯ ವಾಸನೆ ಸಾಸಿವೆಯಷ್ಟಿದ್ದರೂ ಮುಲಾಜಿಲ್ಲದೆ ಅಷ್ಟೂ ಗಾಳಿಯನ್ನು ಬಿಟ್ಟುಬಿಡುತ್ತಿದ್ದಳು. ಯಜಮಾನ ಗೊಣಗಿದರೆ, ನಿಮ್ಮ ಮೂಗಿಗೆ ಗೊತ್ತಾಗುವಷ್ಟು ಹೊತ್ತಿಗೆ ಕೆಳಗಿರುವವನು ಹೆಣವಾಗಿರುತ್ತಾನೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದಳು. ಮಾತು ಖಾರವಾಗಿತ್ತು, ಸುಳ್ಳಾಗಿರಲಿಲ್ಲ. ದೋಣಿಯಲ್ಲಿ ಒಂದು ಗಂಟೆ ಹೋದರೆ ಸಮುದ್ರದ ನಡುವೆ ಕೋಟೆಗೋಡೆಯಂತೆ ಮೈಲುಗಟ್ಟಲೆ ಹಬ್ಬಿದ ಹವಳದ ದಿಬ್ಬ ಸಿಗುತ್ತದೆ. ಗೋಡೆಯ ಒಳಬದಿ ತಿಳಿನೀರು. ಸ್ನಾರ್ಕೆಲ್ ಕೊಳವೆ ಕಚ್ಚಿಕೊಂಡವರು ಅಲ್ಲಿ ಬೆನ್ನು ಮೇಲೆ ಮಾಡಿ ತೇಲುತ್ತ ಮೀನು ನೋಡುತ್ತಾರೆ. ಅವರು ಉಸಿರಾಡುವುದು ದೇವರು ಕೊಟ್ಟ ಗಾಳಿ. ಗೋಡೆಯ ಹೊರಬದಿ ನೆಲ ಕಾಣದ ಆಳ. ಅಲ್ಲಿಗೆ ಇಳಿಯುವವರು ಉಸಿರಾಡುವುದು ಮೂಗಿನಕ್ಕ ಕೊಟ್ಟದ್ದು. ಮೇಲಿದ್ದಾಗ ಬರೀ ತಲೆನೋವು ತರುವಷ್ಟು ಹೊಗೆ, ಇಪ್ಪತ್ತೈದು ಮೀಟರ್ ಕೆಳಗೆ ಮನುಷ್ಯನನ್ನು ಮಲಗಿಸಿಬಿಡುತ್ತದೆ.

ಹಾಗೆ ಇಳಿಯುವವರನ್ನು ಕರೆದೊಯ್ಯುವವನು ಅವಳ ತಮ್ಮನೇ. ಅಪ್ಪ ಅಮ್ಮ ಹೋದಾಗ ಅವನಿಗೆ ಆರು ವರ್ಷ. ತುತ್ತು ಮಾಡಿ ತಿನ್ನಿಸಿದ್ದು, ಬೆನ್ನಿಗೆ ಎರಡು ಬಾರಿಸಿ ಶಾಲೆಗೆ ಅಟ್ಟಿದ್ದು, ಎಲ್ಲ ಅಕ್ಕನೇ. ಈಗ ಆಳೆತ್ತರ ಬೆಳೆದಿದ್ದರೂ ಒಂದು ಚಾಳಿ ಬಿಟ್ಟಿರಲಿಲ್ಲ. ದೋಣಿ ಹೊರಡುವ ಮುಂಚೆ ತನ್ನ ಸಿಲಿಂಡರ್ ಎತ್ತಿಕೊಂಡು ಶೆಡ್ಡಿಗೆ ಬಂದು ಅಕ್ಕನ ಮೂಗಿನ ಕೆಳಗೆ ಹಿಡಿಯುತ್ತಿದ್ದ. ಅವಳು ಮೂಸಿ ತಲೆಯಾಡಿಸುವವರೆಗೆ ಆ ಗಾಳಿಯನ್ನು ಒಂದು ಗುಟುಕೂ ಎಳೆಯುತ್ತಿರಲಿಲ್ಲ. ಹೊಸಬರ ಮುಂದೆ ಅದನ್ನೇ ದೊಡ್ಡದು ಮಾಡಿ, ನಮ್ಮಕ್ಕ ಮೂಸಿದ ಗಾಳಿ ಅಂದರೆ ಕಣ್ಣುಮುಚ್ಚಿಕೊಂಡು ಮುಳುಗಬಹುದು ಎಂದು ಕೊಚ್ಚಿಕೊಳ್ಳುತ್ತಿದ್ದ.

ನಾಲ್ಕು ತಿಂಗಳ ಹಿಂದೆ ಮೂಗಿನಕ್ಕನಿಗೆ ಜ್ವರ ಬಂತು. ಹತ್ತು ದಿನ ಮಲಗಿ ಎದ್ದಳು. ಎದ್ದವಳು ಒಲೆಯ ಮೇಲೆ ಹಾಲಿಟ್ಟು ಬಟ್ಟೆ ಹಿಂಡಲು ಕೂತಳು. ಹಾಲು ಉಕ್ಕಿ, ಸೀದು, ಪಾತ್ರೆ ಕರಕಲಾಗಿ, ತಮ್ಮ ಓಡಿಬಂದು ಗ್ಯಾಸ್ ಆರಿಸಿ ನಕ್ಕ. ಅಕ್ಕಾ, ನಿದ್ದೆಯಲ್ಲಿದ್ದೀಯಾ ಎಂದ. ಅವಳೂ ನಕ್ಕಳು. ಹಿಂಡುತ್ತಿದ್ದ ಬಟ್ಟೆ ಮಾತ್ರ ಕೈಯಿಂದ ಜಾರಿ ಬಕೆಟ್ಟಿಗೆ ಬಿತ್ತು. ಅವಳಿಗೆ ಯಾವ ವಾಸನೆಯೂ ಬಂದಿರಲಿಲ್ಲ.

ಡಾಕ್ಟರು ಬರುತ್ತೆ, ನಿಧಾನಕ್ಕೆ ಬರುತ್ತೆ ಎಂದರು. ಬರುವವರೆಗೆ ಯಾರಿಗೂ ಹೇಳುವುದು ಬೇಡ ಎಂದುಕೊಂಡಳು. ಮೂಗು ಹೋದ ಮೂಗಿನಕ್ಕನನ್ನು ಕೇಳುವವರು ಯಾರು? ಸಿಲಿಂಡರುಗಳನ್ನು ಪಟ್ಟಣದಿಂದಲೇ ತುಂಬಿಸಿ ತರಿಸಿದರಾಯಿತು ಎಂದು ಯಜಮಾನ ಆಗಲೇ ಎರಡು ಸಲ ಅಂದಿದ್ದ. ಅದಕ್ಕಿಂತ ಹೆಚ್ಚಾಗಿ, ತಮ್ಮ ಸಿಲಿಂಡರ್ ಹಿಡಿದು ಬಂದು ನಿಂತಾಗ ಏನೆಂದು ಹೇಳುವುದು? ಹಾಗಾಗಿ ಮೂಸುವುದನ್ನು ನಿಲ್ಲಿಸಲಿಲ್ಲ. ಫಿಲ್ಟರನ್ನು ಹೇಳಿದ ದಿನಕ್ಕಿಂತ ಮುಂಚೆಯೇ ಬದಲಿಸಿದಳು. ಬಿಳಿ ಬಟ್ಟೆಗೆ ಗಾಳಿ ಹೊಡೆದು ಎಣ್ಣೆಯ ಕಲೆ ಬೀಳುತ್ತದೆಯೇ ಎಂದು ನೋಡಿದಳು. ಆಮೇಲೆ ಎಂದಿನಂತೆ ಕಣ್ಣು ಮುಚ್ಚಿ, ಮೂಗು ಒಡ್ಡಿ, ತಲೆಯಾಡಿಸಿದಳು. ಮೊದಲ ವಾರ ತಲೆಯಾಡಿಸುವಾಗ ತಮ್ಮನ ಮುಖ ನೋಡಲು ಆಗುತ್ತಿರಲಿಲ್ಲ. ಸುಳ್ಳಿಗೂ ಕೈ ಪಳಗುತ್ತದೆ ನೋಡಿ. ಎರಡನೇ ತಿಂಗಳಿಗೆ ಏನೂ ಅನ್ನಿಸುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಶೆಡ್ಡಿಗೆ ಬಂದಾಗ ಹಿಂದಿನ ಓಣಿಯಲ್ಲಿ ಹಳದಿ ಬಣ್ಣದ ಜನರೇಟರ್ ಒಂದು ಗುಡುಗುಡು ಅನ್ನುತ್ತಿತ್ತು. ಕರೆಂಟು ಹೋಗಿತ್ತು, ಯಜಮಾನ ಬಾಡಿಗೆಗೆ ತರಿಸಿದ್ದ. ಕಂಪ್ರೆಸರ್ ಗಾಳಿ ಎಳೆದುಕೊಳ್ಳುವ ಪೈಪಿನ ಬಾಯಿ ಇದ್ದದ್ದು ಅದೇ ಓಣಿಯ ಮೇಲೆ, ಸೂರಿನ ಹತ್ತಿರ. ಅವಳು ಹೋಗಿ ಹೊಗೆ ಎತ್ತ ಹೋಗುತ್ತದೆ ಎಂದು ಕೇಳಿದಳು. ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿದೆಯಲ್ಲ, ಹೊಗೆ ಊರಿನ ಕಡೆ ಹೋಗುತ್ತೆ, ಬಂದರೂ ನಿನ್ನ ಮೂಗಿಗೆ ಗೊತ್ತಾಗದೆ ಇರುತ್ತಾ ಎಂದು ಯಜಮಾನ ಮಾತು ತಳ್ಳಿಹಾಕಿದ. ಹೇಳುವುದಿದ್ದರೆ ಆಗ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ವಾಪಸು ಬಂದಳು.

ಎಂಟು ಸಿಲಿಂಡರ್ ತುಂಬಿದಳು. ನಡುವೆ ತಲೆ ಸಣ್ಣಗೆ ನೋಯತೊಡಗಿತು. ತಿಂಡಿ ತಿಂದಿಲ್ಲ, ಅದಕ್ಕೇ ಎಂದುಕೊಂಡಳು. ಬಿಳಿ ಬಟ್ಟೆ ಬಿಳಿಯಾಗಿಯೇ ಇತ್ತು. ತಮ್ಮ ಬಂದು ಸಿಲಿಂಡರ್ ಒಡ್ಡಿದ, ಅವಳು ಮೂಸಿದಳು, ತಲೆಯಾಡಿಸಿದಳು. ಒಂಬತ್ತಕ್ಕೆ ಆಳಕ್ಕಿಳಿಯುವವರನ್ನೂ ಸ್ನಾರ್ಕೆಲ್‌ನವರನ್ನೂ ಹೊತ್ತು ದೋಣಿ ಹೊರಟಿತು. ತುರ್ತಿಗೆಂದು ಇಟ್ಟ ಒಂದು ಸೇರಿ ಆರು ಸಿಲಿಂಡರ್ ದೋಣಿಗೆ ಹೋದವು, ಎರಡು ಶೆಡ್ಡಿನಲ್ಲೇ ಉಳಿದವು.

ಹತ್ತೂಮುಕ್ಕಾಲರ ಹೊತ್ತಿಗೆ ಕ್ಯಾಂಟೀನಿನ ಚಿಕ್ಕಮ್ಮ ಚಹಾ ಹಿಡಿದುಕೊಂಡು ಬಂದಳು. ಬಾಗಿಲಲ್ಲೇ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಏನೇ ಇದು, ಲಾರಿನ ಒಳಗೇ ತಂದು ನಿಲ್ಲಿಸಿದ್ದೀಯಾ? ಈ ಹೊಗೇಲಿ ಹೇಗೆ ಕೂತಿದ್ದೀ?"

ಮೂಗಿನಕ್ಕ ಕೂತಲ್ಲಿಂದ ಎದ್ದಳು. ಹೊರಗೆ ಓಡಿ ನೋಡಿದಳು. ಧಕ್ಕೆಯ ಮೇಲಿನ ಬಾವುಟ ಸಮುದ್ರದ ಕಡೆಗೆ ಹಾರುತ್ತಿತ್ತು. ಗಾಳಿ ಯಾವಾಗಲೋ ತಿರುಗಿತ್ತು; ಜನರೇಟರಿನ ಹೊಗೆ ಗೋಡೆ ಹತ್ತಿ ನೇರ ಪೈಪಿನ ಬಾಯಿಗೆ ಹೋಗುತ್ತಿತ್ತು. ಅವಳು ಒಳಗೆ ಬಂದು, ಬೆಳಿಗ್ಗೆ ತುಂಬಿ ಉಳಿದಿದ್ದ ಸಿಲಿಂಡರೊಂದನ್ನು ಚಿಕ್ಕಮ್ಮನ ಕಡೆ ಎಳೆದಳು. ಮೂಸಿ ನೋಡು ಎಂದಳು. ಮೀನಿಗೆ ಈಜು ಕಲಿಸು ಅಂತೀಯಲ್ಲ ಎಂದು ಚಿಕ್ಕಮ್ಮ ನಗುತ್ತಲೇ ಬಗ್ಗಿದಳು. ವಾಲ್ವ್ ಬುಸ್ಸೆಂದಿತು. ಚಿಕ್ಕಮ್ಮನ ನಗು ಅಲ್ಲೇ ನಿಂತಿತು. ಇದೂ ಅದೇ ವಾಸನೆ ಅಂದಳು.

ವೈರ್‌ಲೆಸ್ ಇದ್ದದ್ದು ಅಂಗಡಿಯ ಮುಂದಿನ ಕೋಣೆಯಲ್ಲಿ, ಯಜಮಾನನ ಮೇಜಿನ ಮೇಲೆ. ಅವನ ಎದುರು ಮಧ್ಯಾಹ್ನದ ದೋಣಿಗೆ ಬಂದ ಗಿರಾಕಿಗಳು ಕೂತಿದ್ದರು. ಅವಳು ಯಾರನ್ನೂ ನೋಡದೆ ಮೈಕ್ ಎತ್ತಿಕೊಂಡಳು. ಆ ಕಡೆ ದೋಣಿ ನಡೆಸುವವನು, ಎಲ್ಲರೂ ಚುಕ್ಕಾಣಿ ಮಾವ ಎಂದು ಕರೆಯುವ ಮುದುಕ. ಕೆಳಗಿರುವವರನ್ನೆಲ್ಲ ತಕ್ಷಣ ಮೇಲಕ್ಕೆ ಕರೆಯಿರಿ, ಗಾಳಿ ಕೆಟ್ಟಿದೆ ಎಂದಳು.

ಮಾವ ನಕ್ಕದ್ದು ಕೇಳಿಸಿತು. "ಬೆಳಿಗ್ಗೆ ನೀನೇ ತಾನೇ ಮೂಸಿ ಕೊಟ್ಟಿದ್ದು? ಇಳಿದು ಕಾಲು ಗಂಟೆ ಆಯ್ತು ತಾಯಿ. ನೀನು ಮೂಸಿದ ಮೇಲೂ ಕೆಡುತ್ತಾ?"

ಅವಳು ಅದನ್ನೇ ಇನ್ನೊಮ್ಮೆ ಹೇಳಿದಳು. ಮಾವನಿಗೆ ಅದು ತಲೆಗೆ ಹೋಗಲಿಲ್ಲ. ಹೋಗುವುದಾದರೂ ಹೇಗೆ? ಹದಿನೇಳು ವರ್ಷ ಆ ಮೂಗನ್ನು ನಂಬಿ ಬದುಕಿದ ಮನುಷ್ಯ. ದುಡ್ಡು ಕೊಟ್ಟು ಬಂದವರನ್ನು ಕಾಲು ಗಂಟೆಗೇ ಮೇಲೆ ಕರೆದರೆ ಯಜಮಾನರು ನನ್ನ ಚರ್ಮ ಸುಲಿಯುತ್ತಾರೆ ಎಂದ. ಯಜಮಾನ ಆಗಲೇ ಎದ್ದು, ಗಿರಾಕಿಗಳ ಕಡೆ ಹಲ್ಲು ಕಿರಿಯುತ್ತ, ಮೈಕಿಗೆ ಕೈ ಚಾಚಿದ್ದ. ಅವಳು ಅವನ ಕೈಯನ್ನು ತಳ್ಳಿದಳು.

"ಮಾವ, ನಂಗೆ ವಾಸನೆ ಗೊತ್ತಾಗಲ್ಲ. ಜ್ವರ ಬಂದಾಗಿಂದ ನಾಲ್ಕು ತಿಂಗಳಾಯ್ತು. ಇಷ್ಟು ದಿನ ಮೂಸಿದ್ದೆಲ್ಲ ನಾಟಕ. ಅವರು ಹೊಗೆ ಕುಡೀತಿದ್ದಾರೆ, ಬೇಗ ಕರೀರಿ."

ಕೋಣೆಯಲ್ಲಿ ಕುರ್ಚಿಯೊಂದು ಕಿರ್ರೆಂದಿತು. ಆ ವೈರ್‌ಲೆಸ್ಸಿಗೆ ಧಕ್ಕೆಯ ಇಪ್ಪತ್ತು ದೋಣಿಗಳೂ ಕಿವಿಯಾಗಿದ್ದವು, ಎಲ್ಲರೂ ಕೇಳಿಸಿಕೊಂಡರು. ಅವಳಿಗೆ ಅದು ಬೇಕಿರಲಿಲ್ಲ. ಅವಳಿಗೆ ಬೇಕಿದ್ದದ್ದು ಒಂದೇ ಸದ್ದು. ಬಂತು. ಠಣ್, ಠಣ್, ಠಣ್. ದೋಣಿಯ ಕಬ್ಬಿಣದ ಏಣಿಗೆ ಮಾವ ಸ್ಪ್ಯಾನರಿನಿಂದ ಬಡಿಯುತ್ತಿದ್ದ. ನೀರೊಳಗೆ ಆ ಸದ್ದು ದೂರದವರೆಗೆ ಕೇಳಿಸುತ್ತದೆ; ಕೇಳಿದವರು ಎಲ್ಲ ಬಿಟ್ಟು ಮೇಲೆ ಬರಬೇಕು. ಮಾವ ಇನ್ನೊಂದು ಕೈಯಲ್ಲಿ ಮೈಕಿನ ಗುಂಡಿ ಅದುಮಿಕೊಂಡೇ ಇದ್ದ. ಅವನು ಅದುಮಿರುವಷ್ಟು ಹೊತ್ತು ಅವಳು ಮಾತಾಡುವಂತಿರಲಿಲ್ಲ, ಬರೀ ಕಿವಿಗೊಟ್ಟು ನಿಲ್ಲಬೇಕು.

ಒಬ್ಬ ಬಂದ ಎಂದು ಮಾವ ಕೂಗಿದ. ಯಾರೋ ಕಾರಿಕೊಳ್ಳುವ ಸದ್ದು. ಇನ್ನೊಬ್ಬಳು ಬಂದಳು. ಮತ್ತೆ ಠಣ್ ಠಣ್. ಮೂರನೆಯವನು. ಕೆಳಗೆ ಹೋದವರು ನಾಲ್ವರು ಅತಿಥಿಗಳು, ಜೊತೆಗೆ ತಮ್ಮ. ಉಸಿರಿನ ಗುಳ್ಳೆ ಕಾಣುತ್ತಿದೆ, ಅಲ್ಲಿ, ಇಬ್ಬರದ್ದೂ ಎಂದ ಮಾವ. ಆಮೇಲೆ ಬಹಳ ಹೊತ್ತು ಬಡಿತ ಮಾತ್ರ. ನಾಲ್ಕನೆಯವನನ್ನು ಕೆಳಗಿನಿಂದ ನೂಕಿದ್ದಾನೆ, ಹಿಡಿದುಕೊಂಡೆ ಎಂದ. ಆಮೇಲೆ ಅವನ ದನಿ ಬದಲಾಯಿತು. ಗುಳ್ಳೆ ನಿಂತಿದೆಯಲ್ಲೋ ಎಂದು ತನಗೆ ತಾನೇ ಹೇಳಿಕೊಂಡಂತೆ ಹೇಳಿದ. ಏನೋ ಧೊಪ್ಪನೆ ಬಿದ್ದ ಸದ್ದು. ವೈರ್‌ಲೆಸ್ ಸುಮ್ಮನಾಯಿತು.

ಅವಳು ಗುಂಡಿ ಅದುಮಿ ಮಾವ, ಮಾವ ಎಂದು ಕರೆದಳು.  ಯಜಮಾನ ಆಸ್ಪತ್ರೆಗೆ ಫೋನು ಹಚ್ಚಿದ.  ಗೋಡೆಯ ಗಡಿಯಾರದ ನಿಮಿಷದ ಮುಳ್ಳು ಐದು ಸಲ ಜರುಗಿದ ಮೇಲೆ ಗುರುತಿಲ್ಲದ ಹೆಂಗಸೊಬ್ಬಳ ದನಿ ಬಂತು. ಮೇಲೆ ಸ್ನಾರ್ಕೆಲ್ ಹಾಕಿಕೊಂಡು ಈಜುತ್ತಿದ್ದವಳಿರಬೇಕು.

"ಯಾರಾದ್ರೂ ಇದ್ದೀರಾ? ದೋಣಿಯವರು ನೀರಿಗೆ ಹಾರಿದ್ರು. ಈಗ ಒಬ್ಬರನ್ನ ಎಳ್ಕೊಂಡು ಬರ್ತಿದ್ದಾರೆ. ಅವರು ಅಲ್ಲಾಡ್ತಾ ಇಲ್ಲ."

ದೋಣಿ ಧಕ್ಕೆಗೆ ಬರಲು ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆ ಅವಳು ಕಟ್ಟೆಯ ತುದಿಯಲ್ಲಿ ನಿಂತೇ ಇದ್ದಳು. ಚಿಕ್ಕಮ್ಮ ಕೂರು ಅಂದಳು, ಕೂರಲಿಲ್ಲ. ನೀರು ಕೊಟ್ಟಳು, ಮುಟ್ಟಲಿಲ್ಲ. ಅವಳು ಅಳುತ್ತಲೂ ಇರಲಿಲ್ಲ. ನಾನೇ ಕೊಂದೆ, ನಾನೇ ಕೊಂದೆ ಎಂದು ಒಳಗೊಳಗೇ ಅನ್ನುತ್ತಿದ್ದಳು, ಅದು ತುಟಿಯ ಮೇಲೂ ಬರುತ್ತಿತ್ತು.

ನಾಲ್ವರು ಅತಿಥಿಗಳು ತಲೆ ಹಿಡಿದುಕೊಂಡು ಇಳಿದರು. ತಮ್ಮನನ್ನು ಹಲಗೆಯ ಮೇಲೆ ಮಲಗಿಸಿ ಇಳಿಸಿದರು. ಉಸಿರಿತ್ತು. ಕೆನ್ನೆ, ತುಟಿ ಕೆಂಪಗೆ ಬಣ್ಣ ಹಚ್ಚಿದ ಹಾಗಿದ್ದವು. ಮುಖದಲ್ಲಿ ಎಷ್ಟು ಕಳೆ ಇದೆ ನೋಡು, ಏನೂ ಆಗಿಲ್ಲ ಎಂದು ಚಿಕ್ಕಮ್ಮ ಸಮಾಧಾನ ಮಾಡಿದಳು. ಹೊಗೆಯ ವಿಷ ರಕ್ತಕ್ಕೆ ಸೇರಿದಾಗಲೇ ಆ ಕೆಂಪು ಬರುವುದು ಎಂದು ಕೆಲಸಕ್ಕೆ ಸೇರಿದ ಮೊದಲ ದಿನ ಮೂಗಿನಕ್ಕನಿಗೆ ಹೇಳಿಕೊಟ್ಟಿದ್ದರು. 

ಮಾವನ ಮೈಯಿಂದ ಇನ್ನೂ ನೀರು ಸುರಿಯುತ್ತಿತ್ತು. ದೋಣಿಯ ಸಣ್ಣ ಆಕ್ಸಿಜನ್ ಬಾಟಲಿ ದಾರಿಯಲ್ಲೇ ಮುಗಿಯಿತು ಎಂದ. ಆಮೇಲೆ ಅವಳ ಮುಖ ನೋಡದೆ ಇನ್ನೊಂದು ಮಾತು ಹೇಳಿದ.

"ಇಳಿಯೋ ಮುಂಚೆ ಆ ಅತಿಥಿಗಳೇ ಅಂದ್ರು, ಗಾಳೀಲಿ ಒಂಥರಾ ವಾಸನೆ ಇದೆ ಅಂತ. ನಂಗೂ ಹಾಗೇ ಅನ್ನಿಸ್ತು. ನಿನ್ ತಮ್ಮನಿಗೂ ಅನ್ನಿಸ್ತು. ಆಮೇಲೆ ಅವನೇ ನಕ್ಕ. ಅಕ್ಕ ಮೂಸಿದ್ದಾಳೆ, ಕೆಟ್ಟಿರೋದು ನಮ್ ಮೂಗು ಅಂದ."

ಅವಳು ಕಟ್ಟೆಯ ಮೇಲೆ ಕುಸಿದು ಕೂತಳು. ಅಷ್ಟು ಜನರ ಅಷ್ಟು ಒಳ್ಳೆಯ ಮೂಗುಗಳನ್ನು ಅವಳ ಸತ್ತ ಮೂಗು ಸುಮ್ಮನಾಗಿಸಿತ್ತು.

ಪಟ್ಟಣದಿಂದ ಆಂಬ್ಯುಲೆನ್ಸ್ ಆಗಷ್ಟೇ ಬಂದು ನಿಂತಿತು. ನರ್ಸ್ ಸಿಲಿಂಡರಿನ ವಾಲ್ವ್ ತಿರುಗಿಸಿ ತಮ್ಮನ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಿಡಿದ. ಬುಸ್ಸೆಂದು ಗಾಳಿ ಬಂದದ್ದೇ ತಡ, ಕಣ್ಣು ಅರೆತೆರೆದಿದ್ದ ತಮ್ಮ ಮುಖ ಆ ಕಡೆ ತಿರುಗಿಸಿದ. ಎಲ್ಲಿದ್ದೇನೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ನರ್ಸ್ ಮತ್ತೆ ಹಿಡಿದರೆ ಕೈಯಿಂದ ತಳ್ಳಿದ, ಹಲ್ಲು ಕಚ್ಚಿ ಉಸಿರು ಬಿಗಿಹಿಡಿದ. ಹೀಗೆ ಮಾಡಿದರೆ ಉಳಿಯಲ್ಲ, ಅವನು ಈಗಲೇ ಎಳೆದುಕೊಳ್ಳಬೇಕು, ಯಾರಾದರೂ ಹೇಳಿ ಎಂದು ನರ್ಸ್ ಕೂಗಿದ. ತಮ್ಮನ ಕಣ್ಣು ಯಾರನ್ನೋ ಹುಡುಕುತ್ತಿತ್ತು.

ಮೂಗಿನಕ್ಕ ಎದ್ದಳು. ಯಜಮಾನ, ಮಾವ, ಚಿಕ್ಕಮ್ಮ ಎಲ್ಲರೂ ನೋಡುತ್ತಿದ್ದರು. ಎಲ್ಲರಿಗೂ ಈಗ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು. ನರ್ಸಿನ ಕೈಯಿಂದ ಮಾಸ್ಕ್ ತೆಗೆದುಕೊಂಡು, ತಮ್ಮನಿಗೆ ಕಾಣುವ ಹಾಗೆ ತನ್ನ ಮೂಗಿಗೆ ಹಿಡಿದು, ಕಣ್ಣು ಮುಚ್ಚಿದಳು. ತಣ್ಣನೆಯ ಗಾಳಿ ತಾಕಿತು, ಅಷ್ಟೇ. ತಲೆಯಾಡಿಸಿದಳು.

ತಮ್ಮ ಬಾಯಿ ತೆರೆದ.