ಸದ್ದಡಗಿದ ಕೀಬೋರ್ಡ್

ನನ್ನ ಮಗಳಿಗೆ ಹಳೆಯ ಕೀಬೋರ್ಡುಗಳ ಹುಚ್ಚು. ಈಗಿನ ತೆಳ್ಳನೆಯವಲ್ಲ, ಕಾಲ ಮೇಲೆ ಬಿದ್ದರೆ ವಾರ ಕುಂಟಿಸುವಂಥ ಹಳೇ ಕಾಲದವು. ಊಟದ ಮೇಜಿನ ಮೇಲೆ ಮೂರನ್ನು ಸಾಲಾಗಿ ಇಟ್ಟುಕೊಂಡು, ನಾನು ಬಟ್ಟೆ ಮಡಚುತ್ತಿದ್ದರೂ ಬಿಡದೆ ಕರೆಯುತ್ತಾಳೆ.

"ಅಮ್ಮ, ಕಣ್ಣು ಮುಚ್ಕೊಂಡು ಒತ್ತು. ಹೇಗಿದೆ ಹೇಳು."

"ಗಟ್ಟಿ ಬಿಸ್ಕತ್ತು ಮುರಿದ ಹಾಗಿದೆ."

"ಇದು?"

"ಒದ್ದೆ ಚಪ್ಪಲಿ ಹಾಕ್ಕೊಂಡು ನಡೆದ ಹಾಗೆ."

ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಗಂಭೀರವಾಗಿ ಬರೆದುಕೊಳ್ಳುತ್ತಾಳೆ. ಒದ್ದೆ ಚಪ್ಪಲಿಗೆ ಹತ್ತಕ್ಕೆ ಮೂರು ಅಂಕ.

ಕಳೆದ ಬುಧವಾರ ಯಜಮಾನರ ಅಕ್ಕ ತಾವು ಬಳಸುವ ಕೀಬೋರ್ಡನ್ನು ಟವೆಲಿನಲ್ಲಿ ಸುತ್ತಿ, ಕೂಸಿನ ಹಾಗೆ ಎತ್ತಿಕೊಂಡು ಬಂದರು. ಅತ್ತಿಗೆ ಕಚೇರಿಯೊಂದರಲ್ಲಿ ಟೈಪಿಸ್ಟು. ಇಪ್ಪತ್ತೇಳು ವರ್ಷದಲ್ಲಿ ಕಂಪ್ಯೂಟರು ನಾಲ್ಕು ಸಲ ಬದಲಾಗಿದೆ, ಕೀಬೋರ್ಡು ಒಂದೇ. ಹೊಸದಾಗಿ ಬಂದ ಮೇಲಧಿಕಾರಿ, ಸೋಮವಾರ ಎಲ್ಲರಿಗೂ ಟೈಪಿಂಗ್ ಪರೀಕ್ಷೆ ಎಂದಿದ್ದಾರಂತೆ. ನಿಮಿಷಕ್ಕೆ ಐವತ್ತು ಪದ. ಆಗದಿದ್ದವರು ನೆಲಮಾಳಿಗೆಯ ಹಳೇ ಫೈಲುಗಳ ಕೋಣೆಗೆ. ಧೂಳು ಕಂಡರೆ ಹನ್ನೆರಡು ಸಲ ಸೀನುವ ಅತ್ತಿಗೆಗೆ ಅದು ಶಿಕ್ಷೆಯೇ.

"ಎರಡು ಮೂರು ಕೀ ಅಂಟ್ಕೋತಾ ಇವೆ ಪುಟ್ಟಿ. ಒರೆಸಿ ಕೊಡು, ಸಾಕು."

ನನ್ನ ಮಗಳಿಗೆ 'ಸಾಕು' ಎಂಬ ಮಾತು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಯಿತು. ಮೊದಲು ಫೋಟೋ ತೆಗೆದಳು, ಯಾವ ಕೀ ಎಲ್ಲಿತ್ತೆಂದು ಆಮೇಲೆ ತಲೆ ಕೆರೆದುಕೊಳ್ಳಬಾರದಲ್ಲ. ಕೀಗಳ ಟೋಪಿಗಳನ್ನೆಲ್ಲ ಕಿತ್ತು ಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು, ನನ್ನ ಒಳ್ಳೆಯ ಟವೆಲಿನ ಮೇಲೆ ಬೋರಲಾಗಿ ಹರವಿದಳು. ಒಳಗಿಂದ ಉದುರಿದ ಬಿಸ್ಕತ್ತಿನ ಪುಡಿ ನೋಡಿದರೆ ಅತ್ತಿಗೆಯ ಇಪ್ಪತ್ತೇಳು ವರ್ಷದ ಸಂಜೆಯ ತಿಂಡಿ ಲೆಕ್ಕ ಹಾಕಬಹುದಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಕಥೆಯೇ ಇರುತ್ತಿರಲಿಲ್ಲ. ತನ್ನ ಅತ್ತೆಗೆ ಇನ್ನೂ ಸುಖವಾಗಲಿ ಎಂದು ಕೀಗಳನ್ನು ಬಿಚ್ಚಿ, ಸಣ್ಣ ಕುಂಚದಿಂದ ಒಳಗೆಲ್ಲ ಗ್ರೀಸ್ ಹಚ್ಚಿದಳು.

ಶನಿವಾರ ಮಧ್ಯಾಹ್ನ ಅತ್ತಿಗೆ ಬಂದು ಕೂತು, ಬೆರಳು ಮುರಿದುಕೊಂಡು ಶುರು ಮಾಡಿದರು. ಎರಡು ಸಾಲು ಹೊಡೆದು ನಿಲ್ಲಿಸಿದರು.

"ಏನೇ ಇದು? ಬೆಣ್ಣೆ ಮೇಲೆ ಟೈಪ್ ಮಾಡಿದ ಹಾಗಿದೆ."

"ಅಲ್ವಾ ಅತ್ತೆ!" ಮಗಳು ಹಿಗ್ಗಿದಳು.

"ಹೊಗಳಿದ್ದಲ್ಲ ಕಣೇ. ಸದ್ದೆಲ್ಲಿ ಹೋಯ್ತು?"

ಪರದೆ ನೋಡಿದೆವು. ಒಂದೊಂದು ಅಕ್ಷರವೂ ಅವಳಿಜವಳಿ. ನಿಮಿಷಕ್ಕೆ ಮೂವತ್ತೆಂಟೇ ಪದ. ಅತ್ತಿಗೆ ಕೆಲಸ ಮಾಡುವಾಗ ಪರದೆಯ ಕಡೆ ತಿರುಗಿಯೂ ನೋಡುವುದಿಲ್ಲ. ಕಣ್ಣು ಹಾಳೆಯ ಮೇಲೆ, ಕಿವಿ ಬೆರಳಿನ ಮೇಲೆ. ಟಕ್ ಎಂದರೆ ಅಕ್ಷರ ಬಿತ್ತು, ಅನ್ನದಿದ್ದರೆ ಬೆರಳು ತಾನಾಗಿ ಇನ್ನೊಮ್ಮೆ ಒತ್ತುತ್ತದೆ. ಆ ಟಕ್ ಹೊರಡುವುದು ಪ್ರತಿ ಕೀಯೊಳಗಿನ ಒಂದು ಬಾಗಿದ ತಗಡಿನ ಚೂರಿನಿಂದ. ಮಗಳು ಅದಕ್ಕೇ ಗ್ರೀಸ್ ಬಳಿದಿದ್ದಳು.

ಅವಳ ಮುಖ ಸಣ್ಣಗಾಯಿತು. ಗಟ್ಟಿ ಬಿಸ್ಕತ್ತಿನ ಸದ್ದಿನ ತನ್ನ ಕೀಬೋರ್ಡನ್ನು ಓಡಿ ತಂದಳು. ಅತ್ತಿಗೆ ಅದನ್ನೂ ಪರೀಕ್ಷಿಸಿ ತಲೆಯಾಡಿಸಿದರು.

"ಇದು ಸುಳ್ಳುಬುರುಕ. ಟಕ್ ಅನ್ನುತ್ತೆ, ಅಕ್ಷರ ಬಿದ್ದಿರಲ್ಲ. ಹೋಗ್ಲಿ ಬಿಡು ಪುಟ್ಟಿ. ನೆಲಮಾಳಿಗೇಲಿ ಫ್ಯಾನಾದ್ರೂ ಇದೆ."

ಅವರು ನಗುತ್ತಲೇ ಹೇಳಿದರು. ಆದರೆ ಟವೆಲು ಮಡಚುವಾಗ ಅದರ ಅಂಚು ಕೂಡಿಸಲು ಮೂರು ಸಲ ಬೇಕಾಯಿತು.

ಮಗಳು ತಗಡಿನ ಚೂರೊಂದನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದಳು. ಸದ್ದು ಅರ್ಧ ಬಂತು. ಎರಡನೆಯದು ಉಜ್ಜುವಾಗ ಸೊಟ್ಟಗಾಗಿಯೇ ಹೋಯಿತು. ಅವಳ ಕಣ್ಣು ತುಂಬಿತು. ನಾನು ಯಜಮಾನರ ಶರ್ಟಿಗೆ ಗುಂಡಿ ಹೊಲಿಯುತ್ತಿದ್ದೆ. ಎದುರಿನ ಗುಂಡಿ ಕಳೆದಿದ್ದಕ್ಕೆ, ಪ್ಯಾಂಟಿನೊಳಗೆ ಮುಚ್ಚಿಹೋಗುವ ಕೆಳಗಿನದನ್ನು ಕಿತ್ತು ಮೇಲಕ್ಕೆ ಹಾಕುತ್ತಿದ್ದೆ.

"ಪುಟ್ಟಿ, ಎಲ್ಲಾ ಕೀಗೂ ಗ್ರೀಸ್ ಹಚ್ಚಿದ್ದೀಯಾ?"

"ಇಲ್ಲ. ಅಕ್ಷರದ ಕಡೆಗೆ ಮಾತ್ರ. ಅಷ್ಟಕ್ಕೆ ಡಬ್ಬಿ ಖಾಲಿ ಆಯ್ತು."

"ಬಲಗಡೆ ಅಂಕಿಗಳಿವೆಯಲ್ಲ, ಅತ್ತಿಗೆ, ಅದನ್ನ ಮುಟ್ತೀರಾ?"

"ಅದರ ಮೇಲೆ ನಾನು ಕನ್ನಡಕ ಇಡೋದು."

"ಎಲ್ಲಕ್ಕಿಂತ ಮೇಲಿನ ಸಾಲು?"

"ಅದು ಯಾತಕ್ಕಿದೆ ಅಂತ ಇವತ್ತಿಗೂ ಗೊತ್ತಿಲ್ಲ."

ಮಗಳು ಶರ್ಟು ನೋಡಿದಳು, ನನ್ನನ್ನು ನೋಡಿದಳು, ಚಿಮಟಿಗೆಗೆ ಕೈ ಹಾಕಿದಳು.

ಭಾನುವಾರ ಬೆಳಗ್ಗೆ ತಿಂಡಿಯ ತಟ್ಟೆಗಳನ್ನು ತೊಟ್ಟಿಯಲ್ಲೇ ಬಿಟ್ಟು ಮೂವರೂ ಕೂತೆವು. ಮಗಳ ಕೆಲಸ, ಅತ್ತಿಗೆ ಕನ್ನಡಕ ಇಡುವ ಜಾಗದಿಂದಲೂ ಮೇಲಿನ ಸಾಲಿನಿಂದಲೂ ಒಂದೊಂದೇ ತಗಡು ತೆಗೆದು ಅಕ್ಷರದ ಕೀಗೆ ಕೂರಿಸುವುದು, ಅದರ ಜಿಡ್ಡಿನ ತಗಡು ಅಲ್ಲಿಗೆ. ನನ್ನ ಕೆಲಸ, ಗೂಡುಗಳನ್ನು ಹತ್ತಿಯಿಂದ ಒರೆಸುವುದು. ಒಂದು ಚೂರು ಚಿಮ್ಮಿ ಮಾಯವಾಯಿತು. ಅರ್ಧ ಗಂಟೆ ಮೇಜಿನ ಕೆಳಗೆ ಮೂವರೂ ಟಾರ್ಚು ಹಿಡಿದು ಅಂಬೆಗಾಲಿಟ್ಟೆವು. ಕಡೆಗೆ ಅದು ಸಿಕ್ಕಿದ್ದು ಅತ್ತಿಗೆಯ ಜಡೆಯಲ್ಲಿ.

ಪ್ರತಿ ಕೀ ಆದಾಗಲೂ ಅತ್ತಿಗೆ ಕಣ್ಣು ಮುಚ್ಚಿ ಒತ್ತುತ್ತಿದ್ದರು. "ಹೂಂ." ಇನ್ನೊಂದು. "ಹೂಂ." ಒಮ್ಮೆ "ಊಹೂಂ, ಇದಕ್ಕೆ ನೆಗಡಿ" ಎಂದರು. ಮಗಳು ಎದುರು ಮಾತಾಡದೆ ಬಿಚ್ಚಿ ಮತ್ತೆ ಕೂರಿಸಿದಳು. ಮಧ್ಯಾಹ್ನದ ಹೊತ್ತಿಗೆ ಊಟದ ಮೇಜು ಅತ್ತಿಗೆಯ ಬೆರಳಿಗೆ ಗಲಗಲ ಎನ್ನತೊಡಗಿತು. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು.

ಸೋಮವಾರ ನಾನು ಪಾತ್ರೆ ಉಜ್ಜುತ್ತಿದ್ದಾಗ ಫೋನು ಬಂತು. ಮಗಳು ಸ್ಪೀಕರಿಗೆ ಹಾಕಿದಳು.

"ಗಲಾಟೆ ತಡೀಲಾರದೆ ನನ್ನನ್ನ ಎಬ್ಬಿಸಿ ಕಾರಿಡಾರಲ್ಲಿ ಕೂರಿಸಿದ್ರು ಕಣೇ."

"ಅಯ್ಯೋ ಅತ್ತೆ! ಆಮೇಲೆ?"

"ಆಮೇಲೇನು, ಐವತ್ತಾರು. ಎರಡು ತಪ್ಪು. ಕುರ್ಚಿ ನನ್ನದೇ."

ಮಗಳು ನನ್ನ ಸಾಬೂನಿನ ಕೈಯನ್ನೇ ಹಿಡಿದು ಕುಣಿದಳು. ಅತ್ತಿಗೆ ಇನ್ನೂ ಮಾತಾಡುತ್ತಲೇ ಇದ್ದರು. ಅವರ ಪಕ್ಕದ ಮೇಜಿನಾಕೆಗೂ ಹಳೆಯದೊಂದು ಇದೆಯಂತೆ, ಕೊಟ್ಟು ಕಳಿಸಲೇ ಎಂದು.

"ಕೀಬೋರ್ಡ್ ಒಂದೇ ಕಳಿಸ್ಬೇಡಿ ಅತ್ತೆ. ಅವರನ್ನೂ ಕರ್ಕೊಂಡು ಬನ್ನಿ. ಮೊದಲು ಅವರು ಟೈಪ್ ಮಾಡೋದನ್ನ ನಾನು ಕೇಳ್ಬೇಕು."