ಟೇಪಿನ ಮೇಲೆ ಹಾಕಿದ ಹೊಲಿಗೆ

ಟೈಲರಕ್ಕ ಹಾಕಿದ ಹೊಲಿಗೆ ಬಿಚ್ಚಿಕೊಂಡದ್ದಿಲ್ಲ ಎಂಬುದು ಇಡೀ ಬೀದಿಯ ಮಾತು. ಅಂಥವಳಿಗೆ ಎರಡೂವರೆ ವರ್ಷದ ಮಗಳ ಡೈಪರು ತಲೆನೋವಾಗಿತ್ತು. ಸೊಂಟದ ಎರಡೂ ಕಡೆ ಟೇಪು ಅಂಟಿಸಿ ಬಿಟ್ಟರೆ, ಅರ್ಧ ಗಂಟೆಯಲ್ಲಿ ಮಗಳು ಅದನ್ನು ಪರ್ರನೆ ಕಿತ್ತು ಕೈಯಲ್ಲಿ ಹಿಡಿದು ಬಂದು ನಿಲ್ಲುತ್ತಿದ್ದಳು. ಹೊಲಿಯಲು ಬಂದ ಬಟ್ಟೆಯೂ ಒದ್ದೆ. ಗದರಿದ್ದಾಯಿತು, ಎರಡೇಟು ಹಾಕಿದ್ದೂ ಆಯಿತು.

"ನೀನು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ" ಎಂದು ಒಂದು ಬೆಳಿಗ್ಗೆ ಸೂಜಿಗೆ ದಾರ ಪೋಣಿಸಿದಳು. ಟೇಪಿನ ಮೇಲೆ ಆ ಕಡೆ ನಾಲ್ಕು, ಈ ಕಡೆ ನಾಲ್ಕು ಹೊಲಿಗೆ ಹಾಕಿ ಗಂಟು ಬಿಗಿದಳು. ಏನು ಜಾಣತನ ಅಂತೀರಿ. ಮಗಳು ಎಳೆದಳು, ಬರಲಿಲ್ಲ. ಅತ್ತಳು. ಮಧ್ಯಾಹ್ನ ಅಮ್ಮ ಕತ್ತರಿ ಹಾಕುವವರೆಗೂ ಅದರಲ್ಲೇ ಇದ್ದಳು. ಒಂದು ವಾರ ಹೀಗೇ ನಡೆಯಿತು. ತೊಡೆಯ ಸಂದಿ ಕೆಂಪಾದದ್ದು ಕಂಡರೂ ಸೆಕೆಗೆ ಎಂದುಕೊಂಡು ಪೌಡರು ಹಚ್ಚಿ ಮತ್ತೆ ಹೊಲಿದಳು. ಮಗಳು ಅಳುವುದನ್ನೂ ಬಿಟ್ಟು ಮೂಲೆ ಹಿಡಿದಳು. ಬುದ್ಧಿ ಬಂತು ಎಂದುಕೊಂಡಳು ತಾಯಿ.

ಎಂಟನೆಯ ದಿನ ಮೈ ಸುಡುವ ಜ್ವರ. ಕಾಲು ಅಗಲಿಸಿ ನಿಂತ ಮಗಳು ಕೂರಲೊಲ್ಲಳು. ಎದುರು ಮನೆಯ ನರ್ಸಕ್ಕ ಬಂದು ನೋಡಿದಳು. ಮಕ್ಕಳ ವಾರ್ಡಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವಳು, ಇಂಥ ಹೊಲಿಗೆ ಎಂದೂ ಕಂಡಿರಲಿಲ್ಲ; ಕೂಡಲೇ ಕತ್ತರಿ ಕೇಳಿದಳು. ಕತ್ತರಿಸಿ ತೆಗೆದರೆ ತೊಡೆಯ ಸಂದಿಯ ಚರ್ಮ ಸುಲಿದು ಕೀವು ಕಟ್ಟಿತ್ತು.

ಡಾಕ್ಟರಿಗೆ ತೋರಿಸಿ ಔಷಧಿ ತಂದ ಮೇಲೆ ನರ್ಸಕ್ಕ ಕೇಳಿದಳು, "ಅಲ್ಲ ತಂಗಿ, ಅವಳು ಯಾವಾಗ ಕೀಳ್ತಿದ್ಲು?"

"ಒದ್ದೆಯಾದಾಗ. ಕೆಲವು ಸಲ ಅದಕ್ಕೂ ಮುಂಚೆ, ಕಾಲು ಕುಣಿಸ್ತಾ ಬಂದು."

"ಹಾಗಾದ್ರೆ ಅದು ತುಂಟತನ ಅಲ್ಲ ಕಣೆ. ಸುಸು ಬಂತು ಅಂತ ನಿಂಗೆ ಹೇಳ್ತಿದ್ಲು. ನೀನು ಆ ಬಾಯಿ ಹೊಲಿದುಬಿಟ್ಟೆ."

ಟೈಲರಕ್ಕ ಮಗಳನ್ನು ಹತ್ತಿರ ಎಳೆದುಕೊಂಡಳು. ಅವಳ ಕಾಲು ಸವರುತ್ತಾ ಕೇಳಿದಳು.

"ಇನ್ನೇನು ಹಾಕ್ಲಿ ಅಕ್ಕಾ? ಚಡ್ಡಿ ಥರ ಏರಿಸೋ ಪ್ಯಾಂಟ್ ಡೈಪರ್ ನೋಡಿದೀನಿ. ಅದೂ ಇದೂ ಒಂದೇ ತಾನೆ?"

"ಹೀರೋದು ಒಂದೇ ಥರ, ಹಾಕೋ ರೀತಿ ಬೇರೆ. ಮಲಗಿರೋ ಕೂಸಿಗೆ ಟೇಪಿಂದೇ ವಾಸಿ, ಎಬ್ಬಿಸ್ದೆ ಬಿಚ್ಚಬಹುದು. ಭೇದಿ ಆದಾಗ್ಲೂ ಅದೇ ಸುಲಭ. ಓಡಾಡೋ ಮಗು, ಬಂತು ಅಂತ ಸೂಚನೆ ಕೊಡೋ ಮಗು ಆದ್ರೆ ಪ್ಯಾಂಟು. ತಾನೇ ಇಳಿಸಿ ಕೂತ್ಕೊಳ್ಳುತ್ತೆ, ತಾನೇ ಏರಿಸ್ಕೊಳ್ಳುತ್ತೆ. ಕೊಳೆಯಾದ್ರೆ ಪಕ್ಕ ಹರಿದು ತೆಗಿ, ಕಾಲಿಗೆ ಮೆತ್ಕೊಳ್ಳಲ್ಲ."

"ಅದು ಹಾಕಿದ್ರೆ ಕಲೀತಾಳಾ?"

"ಪ್ಯಾಂಟು ಕಲಿಸಲ್ಲ, ನೀನು ಕಲಿಸ್ಬೇಕು. ಎರಡು ಗಂಟೆಗೊಮ್ಮೆ ಕೂರಿಸು. ಒದ್ದೆಯಾದ್ರೆ ತೊಳೆದು, ಒರೆಸಿ, ಬೇರೆ ಹಾಕು. ಬೈಬೇಡ. ಈಗಂತೂ ಗಾಯ ಮಾಯೋವರೆಗೂ ಆದಷ್ಟು ಹೊತ್ತು ಗಾಳಿಗೆ ಬಿಡು."

ಗಾಯ ಮಾಯಲು ಮೂರು ವಾರ ಹಿಡಿಯಿತು. ಪ್ಯಾಂಟು ಹಾಕಿದರೂ ಮಗಳು ಏನೂ ಹೇಳಲಿಲ್ಲ. ಒದ್ದೆ ಮಾಡಿಕೊಂಡು ಸುಮ್ಮನೆ ಕೂರುತ್ತಿದ್ದಳು. ಕತ್ತರಿಯ ಸದ್ದಾದರೆ ಎರಡೂ ಕೈಯಲ್ಲಿ ಸೊಂಟ ಮುಚ್ಚಿಕೊಳ್ಳುತ್ತಿದ್ದಳು. ಟೈಲರ್ ಮನೆಯಲ್ಲಿ ಕತ್ತರಿ ಆಡದೆ ಇದ್ದೀತೆ? ಟೈಲರಕ್ಕ ಬಟ್ಟೆ ಕತ್ತರಿಸುವ ಕೆಲಸವನ್ನೆಲ್ಲ ನರ್ಸಕ್ಕನ ವರಾಂಡಕ್ಕೆ ಸಾಗಿಸಿದಳು. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ತನಗೆ ತಾನೇ ಹೇಳಿಕೊಂಡಳು.

ಒಂದೂವರೆ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮಗಳು ಮಿಶಿನ್ನಿನ ಪಕ್ಕ ಬಂದು ನಿಂತಳು. ಪ್ಯಾಂಟು ಮೊಣಕಾಲಿಗೆ ಇಳಿದಿತ್ತು.

"ಅಮ್ಮಾ, ಸುಸು" ಎಂದಳು. ಆಮೇಲೆ ಸೂಜಿಯನ್ನೇ ನೋಡುತ್ತಾ ಮೆಲ್ಲಗೆ, "ಹೊಲೀಬೇಡ."

ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಡೈಪರ್ ಕಿತ್ತೆಸೆಯುವ ಮಗು ನಿಮ್ಮ ಮನೆಯಲ್ಲೂ ಇದ್ದೀತು. ಪಿನ್ನು ಬೇಡ, ದಾರ ಬೇಡ, ಏಟೂ ಬೇಡ. ಮಲಗಿದ ಕೂಸಿಗೆ ಟೇಪು, ಎದ್ದು ಓಡುವ ಮಗುವಿಗೆ ಪ್ಯಾಂಟು, ಯಾವುದೇ ಆದರೂ ಒದ್ದೆಯಾದ ಕೂಡಲೇ ಬದಲಾಯಿಸಿ. ಚರ್ಮ ಸುಲಿದರೆ, ಜ್ವರ ಬಂದರೆ ಅಂದೇ ಡಾಕ್ಟರಿಗೆ ತೋರಿಸಿ. ಈ ಕತೆ ಬದಿಗಿಟ್ಟು, ಈಗಲೇ ಹೋಗಿ ನಿಮ್ಮ ಮಗು ಒದ್ದೆಯಲ್ಲಿ ಕೂತಿದೆಯೇ ನೋಡಿ.